ಮಿಥುನ್ ಮತ್ತೆ ಉಣ್ಣಲು ಕಲಿತದ್ದು

ಸಾಲಿಗ್ರಾಮದಲ್ಲಿ ಹೆದ್ದಾರಿಗೆ ತಾಗಿಯೇ ರತ್ನಾಕರ ಶೆಟ್ಟರ ಹೋಟೆಲ್. ಬೆಳಿಗ್ಗೆ ಬನ್ಸ್, ಮಧ್ಯಾಹ್ನ ಮೀನೂಟ, ಸಂಜೆ ಗೋಳಿಬಜೆ. ಮುಂಬೈಯ ಕ್ಯಾಂಟೀನುಗಳಲ್ಲಿ ದುಡಿದು ಬಂದ ಶೆಟ್ಟರು ಇದನ್ನು ಶುರುಮಾಡಿದಾಗ ಮಗ ಮಿಥುನ್ ಪ್ರೈಮರಿ ಶಾಲೆಯಲ್ಲಿದ್ದ. ಶಾಲೆ ಬಿಟ್ಟವನು ನೇರ ಹೋಟೆಲಿನ ಅಡುಗೆಮನೆಗೆ ನುಗ್ಗಿ, ಬಾಣಲೆಯಿಂದ ಆಗಷ್ಟೇ ಎತ್ತಿದ ಗೋಳಿಬಜೆಯನ್ನು ಕೈ ಸುಟ್ಟುಕೊಂಡು ತಿನ್ನುತ್ತಿದ್ದ. ಅಂಥ ಹುಡುಗ ಅನ್ನ ಕಂಡರೆ ಹೆದರುವಂತಾದದ್ದು ಹೇಗೆಂದು ಊರಿನ ಹೆಚ್ಚಿನವರಿಗೆ ಇವತ್ತಿಗೂ ತಿಳಿದಿಲ್ಲ. ಅವನಿಗೇ ತಿಳಿಯಲು ಬಹಳ ಕಾಲ ಹಿಡಿಯಿತು.

ಶುರುವಾದದ್ದು ಕಬಡ್ಡಿಯಿಂದ. ಕುಂದಾಪುರದಲ್ಲಿ ಬಿ.ಕಾಂ. ಓದುವಾಗ ಮಿಥುನ್ ಊರಿನ ತಂಡದ ಒಳ್ಳೆಯ ರೈಡರ್. ಮಳೆಗಾಲ ಮುಗಿದರೆ ಬೈಂದೂರಿನಿಂದ ಬ್ರಹ್ಮಾವರದವರೆಗೆ ಎಲ್ಲಾದರೊಂದು ಕಡೆ ಪಂದ್ಯಾಟ ಇದ್ದೇ ಇರುತ್ತದೆ. ಕೆಲವು ಪಂದ್ಯಗಳಿಗೆ ತೂಕದ ಮಿತಿ ಇರುತ್ತದೆ. ಅದನ್ನು ದಾಟಿದವನನ್ನು ಅಂಕಣಕ್ಕೆ ಬಿಡುವುದಿಲ್ಲ.

"ಒಂಚೂರ್ ತೂಕ ಇಳ್ಸ್ ಮಾರಾಯ. ನೀ ಇಲ್ದಿದ್ರೆ ರೈಡ್ ಮಾಡುಕೆ ನಮ್ಗೆ ಜನ ಇಲ್ಲ," ಎಂದಿದ್ದ ನಾಯಕ ರತೀಶ್. ಅದರಲ್ಲಿ ಕೆಟ್ಟದ್ದೇನೂ ಇರಲಿಲ್ಲ. ತಂಡದ ಎಷ್ಟೋ ಹುಡುಗರು ಪಂದ್ಯದ ಮುಂಚೆ ಊಟ ಕಡಿಮೆ ಮಾಡಿ, ಪಂದ್ಯ ಮುಗಿದ ಕೂಡಲೇ ಕೋಳಿಸುಕ್ಕಕ್ಕೆ ಮುಗಿಬೀಳುವವರೇ. ಮಿಥುನ್ ತೂಕ ಇಳಿಸಿದ, ತಂಡ ಗೆದ್ದಿತು. ಆದರೆ ಉಳಿದವರು ಕೋಳಿ ಊಟಕ್ಕೆ ಕೂತಾಗ ಅವನ ಕೈ ಮೇಲೇಳಲಿಲ್ಲ. ಇಷ್ಟು ಕಷ್ಟಪಟ್ಟು ಇಳಿಸಿದ್ದು ಒಂದು ಊಟಕ್ಕೆ ವಾಪಸು ಬಂದರೆ? ಬರೀ ಮಜ್ಜಿಗೆ ಕುಡಿದು ಎದ್ದ.

ಆಮೇಲೆ ಮಿತಿ ಎಂಬುದು ಪಂದ್ಯಾಟದವರ ಕೈಯಲ್ಲಿ ಉಳಿಯಲಿಲ್ಲ, ಅವನ ತಲೆಯೊಳಗೆ ಹೊಕ್ಕಿತು. ಮುಟ್ಟಿದಷ್ಟೂ ಅದು ಇನ್ನಷ್ಟು ಕೆಳಗೆ ಜಾರುತ್ತಿತ್ತು. ಪರೀಕ್ಷೆ ಕೆಟ್ಟಿತ್ತು, ಮುಂದೇನೆಂದು ಗೊತ್ತಿರಲಿಲ್ಲ. ಉಣ್ಣದೆ ಇರುವುದೊಂದೇ ತನಗೆ ಸರಿಯಾಗಿ ಬರುವ ಕೆಲಸ ಅನ್ನಿಸತೊಡಗಿತು. ಮನೆಯಲ್ಲಿ, ಕಾಲೇಜಿನಲ್ಲಿ ಉಂಡೆ ಎಂದ; ಕಾಲೇಜಿನಲ್ಲಿ, ಮನೆಯಿಂದ ಉಂಡು ಬಂದೆ ಎಂದ. ಏಪ್ರಿಲ್ ಸೆಕೆಯಲ್ಲೂ ಚಳಿಯಾಗುತ್ತಿತ್ತು, ಬಾಚಿದರೆ ಕೂದಲು ಕಿತ್ತು ಬರುತ್ತಿತ್ತು. ಕನ್ನಡಿಯಲ್ಲಿ ಮಾತ್ರ ಅವನ ಕಣ್ಣಿಗೆ ಅವನು ದಪ್ಪಗೇ ಕಾಣುತ್ತಿದ್ದ.

ವಿಚಿತ್ರವೆಂದರೆ ಆ ದಿನಗಳಲ್ಲಿ ಅವನಿಗೆ ಊಟದ್ದೇ ಧ್ಯಾನ. ಸಂಜೆ ಹೋಟೆಲಿಗೆ ಹೋಗಿ ತಾನೇ ಬಡಿಸಲು ನಿಂತ. "ಇನ್ನೊಂಚೂರ್ ಸಾರ್ ಹಾಕ್ಲಾ? ಬಂಗ್ಡೆ ಫ್ರೈ ಬಿಸಿ ಇತ್ತ್ ಕಾಣಿ," ಎಂದು ಗಿರಾಕಿಗಳಿಗೆ ಒತ್ತಾಯ ಮಾಡುತ್ತಿದ್ದ, ಅವರು ತಿನ್ನುವುದನ್ನೇ ನೋಡುತ್ತ ನಿಲ್ಲುತ್ತಿದ್ದ. ಮಗನಿಗೆ ವ್ಯಾಪಾರದ ಮೇಲೆ ಮನಸ್ಸು ಬಂತೆಂದು ಶೆಟ್ಟರು ಹಿಗ್ಗಿದರು.

ತಾಯಿ ಸುಂದರಿಗೆ ಮಾತ್ರ ಹಿಗ್ಗಲು ಆಗಲಿಲ್ಲ. "ಯಾರದ್ದೋ ಕಣ್ಣ್ ಬಿತ್ತ್ ನನ್ ಮಗಂಗೆ," ಎಂದು ಮೆಣಸು, ಉಪ್ಪು ನಿವಾಳಿಸಿ ಒಲೆಗೆ ಹಾಕಿದರು. ಮನೆದೈವಕ್ಕೆ ಹರಕೆ ಹೇಳಿಕೊಂಡರು. ಅವನಿಗೆ ಇಷ್ಟವೆಂದು ಕೊಟ್ಟೆಕಡುಬು ಬೇಯಿಸಿದರೆ, ಅದು ತಟ್ಟೆಯಲ್ಲಿ ಚೂರುಚೂರಾಯಿತೇ ಹೊರತು ಬಾಯಿಗೆ ಹೋಗಲಿಲ್ಲ. ತಂಗಿ ಅಕ್ಷಿತಾ ಒಮ್ಮೆ ಸಿಟ್ಟಿನಿಂದ, "ಅಣ್ಣ ಉಂಬುದೇ ಇಲ್ಲ ಅಮ್ಮ, ಎಲ್ಲಾ ನಾಯಿಗೆ ಹಾಕ್ತಾ," ಎಂದುಬಿಟ್ಟಳು. ಅಂದು ಮಿಥುನ್ ಅವಳ ಮೇಲೆ ಕೂಗಾಡಿದ್ದು ರಸ್ತೆಯವರೆಗೆ ಕೇಳಿಸಿತು. ಹಾಗೆ ಕೂಗುವ ಹುಡುಗನೇ ಅಲ್ಲ ಅವನು.

ಬೈಂದೂರಿನ ಪಂದ್ಯಾಟದಲ್ಲಿ, ಎದುರಾಳಿ ಅಂಕಣದೊಳಗೆ ಕಾಲಿಟ್ಟ ಮಿಥುನ್ ಯಾರೂ ಮುಟ್ಟದೆಯೇ ಕುಸಿದು ಬಿದ್ದ. ರತೀಶ್ ಓಡಿಹೋಗಿ ಎತ್ತಿಕೊಂಡ. ಎತ್ತಿಕೊಂಡಾಗಲೇ ಅವನಿಗೆ ಹೆದರಿಕೆಯಾದದ್ದು: ತೋಳಲ್ಲಿ ಭಾರವೇ ಇಲ್ಲ. ಕುಂದಾಪುರದ ಆಸ್ಪತ್ರೆಯಲ್ಲಿ ಎದೆಬಡಿತ ತೀರಾ ನಿಧಾನವಾಗಿದೆ ಎಂದರು, ಒಳಗೆ ಮಲಗಿಸಿಕೊಂಡರು. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಮಾನಸಿಕ ವೈದ್ಯರನ್ನು ಕಾಣಬೇಕೆಂದಾಗ ಶೆಟ್ಟರು ಎದ್ದು ನಿಂತರು.

"ನನ್ ಮಗಂಗೆ ಮರ್ಳ್ ಅಲ್ಲ ಡಾಕ್ಟ್ರೇ. ಹಟ ಅದ್. ನಾಲ್ಕ್ ದಿನ ನಾ ಕೂರ್ಸಿ ಉಣ್ಸಿರೆ ಸರಿ ಆತ್ತ್."

ಆಸ್ಪತ್ರೆಯ ಮಾನಸಿಕ ವೈದ್ಯೆ ಡಾ. ಸ್ವಾತಿ ವಾರ್ಡಿಗೇ ಬಂದರು, ಬ್ರಹ್ಮಾವರದ ಕಡೆಯವರು. ಅವರು ಶೆಟ್ಟರ ಜೊತೆ ವಾದಕ್ಕೆ ಇಳಿಯಲಿಲ್ಲ. "ಹಟ ಆಗಿದ್ರೆ ಹೊಟ್ಟೆ ಹಸ್ದಾಗ ಬಿಡ್ತಿದ್ದ ಶೆಟ್ರೆ. ಇದ್ ಉಂಬುಕೆ ಹೆದ್ರುವ ಕಾಯ್ಲೆ. ಉಂಡ್ರೆ ಎಂತದೋ ದೊಡ್ಡ ತಪ್ಪ್ ಮಾಡ್ದೆ ಅಂತ ಅವ್ನ ತಲೆ ಅವ್ನಿಗೆ ಹೇಳ್ತಾ ಇರತ್ತ್. ನೀವ್ ಬೈದ್ರೆ ಆ ದನಿಗೇ ಬಲ ಬತ್ತ್. ಮತ್ತೆ, ಒಂದೇ ಸಲ ತುಂಬಾ ಉಣ್ಸುದೂ ಬ್ಯಾಡ. ಬಡವಾದ ಮೈಗೆ ಅದೇ ಅಪಾಯ. ನಾವ್ ಹೇಳ್ದ ಹಾಂಗೆ, ನಿಧಾನ."

ಮಿಥುನ್ ಗೋಡೆ ನೋಡುತ್ತ ಕೇಳಿದ, "ಅದ್ ಹುಡ್ಗಿಯರಿಗೆ ಬಪ್ಪ ಕಾಯ್ಲೆ ಅಲ್ದಾ?"

"ಎಲ್ಲರೂ ಹಾಂಗೇ ತಿಳ್ಕಂತ್ರ್. ಅದ್ಕೇ ಗಂಡ್ ಹುಡ್ಗರ್ ನಮ್ಮಲ್ಲಿ ಬಪ್ಪತ್ತಿಗೆ ತಡ ಆಯಿರತ್ತ್. ಕೆಲವರ್ ನಿನ್ ಹಾಂಗೆ ಊಟ ಬಿಡ್ತ್ರ್, ಕೆಲವರ್ ಮಿತಿ ಇಲ್ದೆ ತಿಂದ್ ಆಮೇಲೆ ನಾಚ್ಕಂತ್ರ್. ತೋರಿಕೆ ಬೇರೆ, ಒಳಗಿನ ಸಂಕಟ ಹೆಚ್ಚುಕಮ್ಮಿ ಒಂದೇ. ನೀ ಬೇಕಂತ ಮಾಡ್ದ್ದಲ್ಲ ಮಿಥುನ್."

ಆ ಕೊನೆಯ ಮಾತು ಕೇಳಿ ಅವನಿಗೆ ಅಳು ಬಂತು. ಬಹಳ ದಿನಗಳಿಂದ ಅಳುವುದಕ್ಕೂ ಮೈಯಲ್ಲಿ ತ್ರಾಣ ಇರಲಿಲ್ಲ.

ಮನೆಗೆ ಬಂದ ಮೇಲೆ ನಿಜವಾದ ಕಷ್ಟ. ಊಟದ ಹೊತ್ತಿಗೆ ಯಾರಾದರೂ ಜೊತೆಗೆ ಕೂತು ಉಣ್ಣಬೇಕು, ಊಟದ ಬಗ್ಗೆಯಾಗಲಿ ತೂಕದ ಬಗ್ಗೆಯಾಗಲಿ ಮಾತಾಡಬಾರದು ಎಂದಿದ್ದರು ಡಾಕ್ಟರ್. ಅಮ್ಮ ಕೂತರೆ ಕಣ್ಣೀರು ನಿಲ್ಲುತ್ತಿರಲಿಲ್ಲ. ಕೊನೆಗೆ ಶೆಟ್ಟರು, "ಮಧ್ಯಾಹ್ನ ನಾ ಬತ್ತೆ," ಎಂದರು. ಹೋಟೆಲ್ ಶುರುವಾದಂದಿನಿಂದ ಅವರು ಮನೆಯಲ್ಲಿ ಮಧ್ಯಾಹ್ನ ಉಂಡವರಲ್ಲ. ಗಿರಾಕಿ ಎಲ್ಲ ಹೋದ ಮೇಲೆ ಅಡುಗೆಮನೆಯಲ್ಲಿ ನಿಂತೇ ಎರಡು ತುತ್ತು ಉಂಡು ಮುಗಿಸುತ್ತಿದ್ದರು. ಈಗ ಜನ ತುಂಬುವ ಹೊತ್ತಿಗೇ ಗಲ್ಲಾವನ್ನು ತಮ್ಮನಿಗೆ ಬಿಟ್ಟು ಮನೆಗೆ ಬರತೊಡಗಿದರು.

ಮೊದಮೊದಲು ಶೆಟ್ಟರು ಗಬಗಬ ಉಂಡು, ಖಾಲಿ ತಟ್ಟೆಯ ಮುಂದೆ ಕೈ ಒಣಗಿಸಿಕೊಂಡು ಕೂರುತ್ತಿದ್ದರು. ಆಮೇಲೆ ಅವರೂ ನಿಧಾನಕ್ಕೆ ಉಣ್ಣಲು ಕಲಿತರು. ಮುಂಬೈಯಲ್ಲಿ ತಾವು ಟೇಬಲ್ ಒರೆಸುತ್ತಿದ್ದ ದಿನಗಳು, ರೈಲಿನಲ್ಲಿ ಕಳೆದುಹೋದ ಪೆಟ್ಟಿಗೆ, ಊರಿಗೆ ಬಂದಾಗ ಗುರುತೇ ಹಿಡಿಯದ ಅಜ್ಜಿ, ಹೀಗೆ ಮಗನಿಗೆ ಎಂದೂ ಹೇಳದ್ದನ್ನೆಲ್ಲ ಹೇಳಿದರು. ಒಂದು ದಿನ ಮಿಥುನ್ ತಟ್ಟೆಯನ್ನು ನೂಕಿಬಿಟ್ಟ. ಕುಚ್ಚಲಕ್ಕಿ ಅನ್ನ ನೆಲದ ತುಂಬ ಚೆಲ್ಲಿತು. ಶೆಟ್ಟರ ಮುಖ ಕೆಂಪಾಯಿತು. ಆದರೂ ಎದ್ದು ತಾವೇ ನೆಲ ಒರೆಸಿದರು.

"ಇನ್ನೊಂದ್ ತಟ್ಟೆ ತತ್ತೆ ಮಗಾ. ನಂಗೆ ಅರ್ಜೆಂಟ್ ಇಲ್ಲ."

"ಹೋಟ್ಲ್ ರಶ್ ಇರತ್ತ್ ಅಲ್ದಾ ಅಪ್ಪಯ್ಯ?"

"ಇರ್ಲಿ. ಹಸ್ದವ್ರ್ ಕಾಯ್ತ್ರ್."

ಅಂದು ಅವನು ಉಂಡದ್ದು ಸ್ವಲ್ಪವೇ. ಆದರೆ ಅಪ್ಪ ಎದುರಿಗಿದ್ದರೂ ನಾಚಿಕೆಯಿಲ್ಲದೆ ಉಂಡ.

ನೆಟ್ಟಗೆ ಮೇಲೇರಿದ ದಾರಿಯಲ್ಲ ಅದು. ಮಳೆಗಾಲದಲ್ಲಿ ಮತ್ತೆ ಜಾರಿದ, ಮತ್ತೆ ಆಸ್ಪತ್ರೆಗೆ ಹೋದ. ಒಂದು ವರ್ಷದ ಓದು ಹಾಳಾಯಿತು. ರತೀಶ್ ಬಂದು ಅಂಗಳದಲ್ಲೇ ನಿಂತು, "ನನ್ನಿಂದ ಆಯ್ತಾ ಮಾರಾಯ?" ಎಂದಾಗ, "ನೀ ಎಂತ ಮಾಡ್ತೆ? ತೂಕ ಇಳ್ಸುಕೆ ನೀ ಎಲ್ಲರಿಗೂ ಹೇಳ್ದೆ, ಎಲ್ಲರಿಗೂ ಹಾಂಗೆ ಆಯಿಲ್ಲ ಅಲ್ದಾ," ಎಂದು ಮಿಥುನ್ ಅವನನ್ನು ಒಳಗೆ ಕರೆದು ಚಾ ಕೊಟ್ಟ. ತೂಕದ ಪಂದ್ಯಗಳಿಗೆ ಅವನು ಮತ್ತೆಂದೂ ಇಳಿಯಲಿಲ್ಲ. ಡಿಗ್ರಿ ಮುಗಿಸಿ, ಈಗ ಕುಂದಾಪುರದ ಗೇರುಬೀಜದ ಕಾರ್ಖಾನೆಯೊಂದರ ಆಫೀಸಿನಲ್ಲಿ ಕೆಲಸ ಮಾಡುತ್ತಾನೆ. ತಿಂಗಳಿಗೊಮ್ಮೆ ಡಾ. ಸ್ವಾತಿಯವರನ್ನು ಕಾಣುತ್ತಾನೆ. ಯಾರಾದರೂ ಕೇಳಿದರೆ ಮುಚ್ಚಿಡುವುದಿಲ್ಲ.

ಮೊನ್ನೆ ಬ್ರಹ್ಮಾವರದಲ್ಲಿ ಸಂಬಂಧಿಕರ ಮದುವೆ. ದೊಡ್ಡಮ್ಮ ಜಲಜ ಅವನ ಭುಜ ತಟ್ಟಿ, "ಈಗ ತುಂಬ್ಕಂಡೆ ಕಾಣ್ ಮಾಣಿ! ಗಲ್ಲ ಬಂತ್!" ಎಂದು ನಾಲ್ಕು ಜನಕ್ಕೆ ಕೇಳುವಂತೆ ಹೇಳಿದರು. ಪ್ರೀತಿಯ ಮಾತೇ. ಆದರೂ ಮಿಥುನ್‌ನ ಕೈ ತಾನಾಗಿ ಕೆನ್ನೆ ಮುಟ್ಟಿತು. ಪಂಕ್ತಿಯಲ್ಲಿ ಬಾಳೆಲೆ ಹಾಕಿಯಾಗಿತ್ತು. ಅಕ್ಷಿತಾ ಅವನ ಮುಖ ನೋಡಿದಳು.

"ಹೊರ್ಗೆ ಹೋಪನಾ ಅಣ್ಣ?"

ಅವನು ಕೆನ್ನೆಯಿಂದ ಕೈ ತೆಗೆದ. "ಬ್ಯಾಡ. ತಲೆ ಗಲಾಟಿ ಮಾಡ್ತಾ ಇತ್ತ್, ಮಾಡ್ಲಿ. ನೀ ಹತ್ರ ಕೂಕೋ."

ಇಬ್ಬರೂ ಕೂತರು. ಅನ್ನ ಬಂತು, ಸಾರು ಬಂತು. ಅಕ್ಷಿತಾ ತನ್ನ ಕಾಲೇಜಿನ ಯಾವುದೋ ಜಗಳದ ಕಥೆ ಹೇಳತೊಡಗಿದಳು. ಮಿಥುನ್ ಅದನ್ನು ಕೇಳುತ್ತ, ನಡುನಡುವೆ ನಗುತ್ತ, ನಿಧಾನಕ್ಕೆ ಉಣ್ಣುತ್ತ ಹೋದ.