ಅಜ್ಜಿಯ ತಂಬಿಗೆಗಳು ಅಲುಗಿದ ಮಧ್ಯಾಹ್ನ

ನಡುಮನೆಯ ಹಲಗೆಯ ಮೇಲೆ ಅಜ್ಜಿಯ ಹಿತ್ತಾಳೆ ತಂಬಿಗೆಗಳು ಗಡಗಡ ಸದ್ದು ಮಾಡಿದವು, ಮರುಕ್ಷಣ ಒಂದು ಢಣ್ಣೆಂದು ನೆಲಕ್ಕೆ ಬಿತ್ತು. ಕಿಲ್ಲಾರಿ ಭೂಕಂಪವಾದ ವರ್ಷದಿಂದ ವಾಗದರಿಯ ನಮ್ಮ ಮನೆಯಲ್ಲಿ ಅವನ್ನು ಒಂದರ ಮೇಲೊಂದು ಬೋರಲಾಗಿ ಇಡುವುದು ರೂಢಿ. ಅವು ಸದ್ದು ಮಾಡಿದರೆ ಕೈಯಲ್ಲಿದ್ದುದನ್ನು ಬಿಟ್ಟು ಹೊರಗೆ ಓಡಬೇಕೆಂಬುದು ಅಜ್ಜಿಯ ಕಟ್ಟಪ್ಪಣೆ. ಅಜ್ಜಿ ಅಡುಗೆಮನೆಯಲ್ಲಿದ್ದಳು. ಪಡಸಾಲೆಯಲ್ಲಿ ಉಣ್ಣುತ್ತಿದ್ದ ನಾನು ರೊಟ್ಟಿಯ ತುತ್ತು ಬಾಯಲ್ಲಿದ್ದಂತೆಯೇ ಓಡಿ, ಅಂಗಳದ ಬೇವಿನ ಮರದಡಿ ನಿಂತೆ.

ಮಣ್ಣಿನ ಮಾಳಿಗೆ ಈಗ ಕುಸಿಯುತ್ತದೆ ಎಂದುಕೊಳ್ಳುವಾಗ ಒಳಗಿಂದ ಅಜ್ಜಿಯ ಕೂಗು ಕೇಳಿತು.

"ಸವಿತಾ! ಎಲ್ಲಿ ಅದೀಯವ್ವಾ? ಹೊರಗ ನಡಿ!"

ಮೊಣಕಾಲು ನೋವಿನ ಅಜ್ಜಿ ಗೋಡೆ ಹಿಡಿದುಕೊಂಡು ಕೋಣೆ ಕೋಣೆಯಲ್ಲೂ ನನ್ನನ್ನು ಹುಡುಕುತ್ತಿದ್ದಳು.

ಅಷ್ಟರಲ್ಲಿ ನಡುಮನೆಯಿಂದ ತಮ್ಮ ಮಹೇಶ ಕೇಕೆ ಹಾಕಿದ. "ಅಕ್ಕಾ, ಡ್ರೈವರ್ ಕುಂತೈತಿ ನೋಡ! ಹ್ಯಾಂಗ ನಡಗಾಕತ್ತೈತಿ!"

ಆಟದಲ್ಲಿ ಗಾಡಿ ಗುದ್ದಿದಾಗ ಕೈಯಲ್ಲಿ ನಡುಗಬೇಕಾದ, ಸೋಲಾಪುರದಿಂದ ತಂದ ಅಗ್ಗದ ಗೇಮ್ ಕಂಟ್ರೋಲರ್ ನಡುಗುವುದಿಲ್ಲವೆಂದು ಅವನು ಬೆಳಗಿನಿಂದ ಕಂಪ್ಯೂಟರಿಗೆ ಅದನ್ನು ನಡೆಸುವ ಡ್ರೈವರ್ ತಂತ್ರಾಂಶ ಹಾಕುತ್ತಿದ್ದ. ಮೇಜಿನ ಮೇಲೆ ಜಾಗವಿಲ್ಲದೆ ಕಂಟ್ರೋಲರನ್ನು ತಂಬಿಗೆಗಳ ಪಕ್ಕದಲ್ಲೇ ಇಟ್ಟು ಪರೀಕ್ಷೆ ಮಾಡಿದ್ದ; ಹಲಗೆ ಅಲುಗಿದ್ದು ಅದರ ನಡುಕಕ್ಕೆ.

ಅಜ್ಜಿ ಹೊಸ್ತಿಲಿಗೆ ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಕಾಲೇಜ್ ಕಲಿತಾಕಿ ಭಾಳ ಶಾಣ್ಯಾ ಅದಾಳ. ಎಲ್ಲಾರಕಿಂತ ಮೊದಲ ಗಿಡ ಮುಟ್ಯಾಳ!"

ಮಹೇಶ ಈಗ ಕಂಟ್ರೋಲರನ್ನು ದಿಂಬಿನ ಮೇಲೆ ಇಡುತ್ತಾನೆ, ತಂಬಿಗೆಗಳು ಮತ್ತೆ ಹಲಗೆ ಏರಿವೆ. ನಾನು ಮಾತ್ರ ಊಟಕ್ಕೆ ಅಡುಗೆಮನೆಯಲ್ಲೇ ಕೂರುತ್ತೇನೆ, ಅಜ್ಜಿಯ ಕೈ ನನ್ನ ಕೈಗೆ ಸಿಗುವಷ್ಟು ಹತ್ತಿರ.