ಹೆಪ್ಪು ಹುಡುಕಿ ಹೊರಟವರು

ನನ್ನದು ಮಾಲ್ಟಿನ ವ್ಯಾಪಾರ. ಬಾರ್ಲಿ ನೆನೆಸಿ, ಮೊಳಕೆ ಬರಿಸಿ, ಒಣಗಿಸಿ ಹುರಿದ ಮಾಲನ್ನು ಚೀಲಕ್ಕೆ ತುಂಬಿ ನಗರದ ಸಣ್ಣಪುಟ್ಟ ಬ್ರೂವರಿಗಳಿಗೆ ಹಾಕುತ್ತೇನೆ. ದೊಡ್ಡ ಕಾರ್ಖಾನೆಗಳು ನನ್ನ ಕಡೆ ತಿರುಗಿಯೂ ನೋಡುವುದಿಲ್ಲ. ನಾನೇ ಅವುಗಳನ್ನು ನೋಡುವುದಿಲ್ಲ ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತೇನೆ. ನನ್ನ ಗಿರಾಕಿಗಳ ತಳಿಯೇ ಬೇರೆ. ಹಳೇ ಗೋದಾಮಿನಲ್ಲೋ ಮುಚ್ಚಿಹೋದ ಪ್ರೆಸ್ಸಿನಲ್ಲೋ ನಾಲ್ಕು ಉಕ್ಕಿನ ಹಂಡೆ ನಿಲ್ಲಿಸಿಕೊಂಡು, ಹಿಂದುಗಡೆ ಬಿಯರ್ ಕಾಯಿಸಿ, ಮುಂದುಗಡೆ ನಲ್ಲಿ ತಿರುಗಿಸಿ ಲೋಟಕ್ಕೆ ಬಿಡುವವರು. ಅಂಗಡಿಗೆ ಟ್ಯಾಪ್‌ರೂಮ್ ಎಂದು ಹೆಸರು. ಇವರೆಲ್ಲ ಕನಸು ಕಾಣುವ ಜನ. ವ್ಯಾಪಾರಿಗೆ ಇವರಿಗಿಂತ ಒಳ್ಳೆಯ ಗಿರಾಕಿ ಸಿಗುವುದಿಲ್ಲ. ಕನಸಿನಲ್ಲಿ ಯಾರೂ ಚೌಕಾಶಿ ಮಾಡುವುದಿಲ್ಲವಲ್ಲ.

ಇವರಲ್ಲೆಲ್ಲ ದೊಡ್ಡ ಕನಸುಗಾರ ನಮ್ಮ ನೊರೆಯಣ್ಣ. ಮೀಸೆಯಲ್ಲಿ ಸದಾ ಒಂದು ಚೂರು ನೊರೆ ಇರುತ್ತಿದ್ದುದರಿಂದ ಬಂದ ಹೆಸರು. ಮೊದಲು ಅವನು ಲಿಫ್ಟ್ ಮೆಕ್ಯಾನಿಕ್. ಜನರನ್ನು ಮೇಲೆ ಕಳಿಸಿ ಕೆಳಗೆ ಇಳಿಸುವುದೇ ಕಸುಬು. "ಈಗಲೂ ಅದೇ ಕೆಲಸ ತಾನೆ?" ಎಂದು ನಾನು ರೇಗಿಸಿದರೆ, "ಈಗ ಕರೆಂಟ್ ಹೋದರೂ ಯಾರೂ ಮಧ್ಯದಲ್ಲಿ ಸಿಕ್ಕಿಹಾಕ್ಕೊಳ್ಳಲ್ಲ," ಎನ್ನುತ್ತಿದ್ದ.

ಅವನನ್ನು ಈ ದಂಧೆಗೆ ಎಳೆದದ್ದು ಮದುವೆ. ಮಾವ ಮನೆಯ ಹಿಂದಿನ ಶೆಡ್ಡಿನಲ್ಲಿ ಬಿಯರ್ ಮಾಡುತ್ತಿದ್ದ ಮನುಷ್ಯ. ಮಗಳನ್ನು ಕಳಿಸಿಕೊಡುವಾಗ ಅಳಿಯನ ಕೈಗೆ ಒಂದು ಮುಚ್ಚಳದ ಕ್ಯಾನು ಕೊಟ್ಟು, "ಎರಡನ್ನೂ ಚೆನ್ನಾಗಿ ನೋಡ್ಕೋ," ಎಂದನಂತೆ. ಕ್ಯಾನಿನಲ್ಲಿ ಇದ್ದದ್ದು ಬೂದುಬಣ್ಣದ ಕೆಸರು. ಯೀಸ್ಟು. ಹಾಲಿಗೆ ಹೆಪ್ಪು ಹೇಗೋ ಬಿಯರಿಗೆ ಇದು ಹಾಗೆ. ಒಂದು ಹಂಡೆ ಮುಗಿದಾಗ ತಳದಲ್ಲಿ ಉಳಿದದ್ದನ್ನು ತೆಗೆದು ಮುಂದಿನ ಹಂಡೆಗೆ ಹಾಕಬೇಕು. ಹೀಗೆ ಎಷ್ಟು ವರ್ಷ ಬೇಕಾದರೂ ಅದು ಬದುಕುತ್ತದೆ, ಪ್ರತಿಯೊಂದು ಮನೆಯ ಹೆಪ್ಪಿಗೂ ಅದರದೇ ವಾಸನೆ. ತವರಿನಿಂದ ಬಂದ ಬಳುವಳಿಯಲ್ಲಿ ಜಗಳವಾಡದೆ ಬಾಳಿದ್ದು ಆ ಕೆಸರೊಂದೇ ಎಂದು ನೊರೆಯಣ್ಣ ಹೇಳುವುದು, ಹೆಂಡತಿ ಪಕ್ಕದಲ್ಲಿ ಇಲ್ಲದಾಗ.

ಅವನಲ್ಲಿ ಇನ್ನೊಂದು ಹುಚ್ಚಿತ್ತು. ಹೊಸದಾಗಿ ಟ್ಯಾಪ್‌ರೂಮ್ ತೆರೆದವರು ಯಾರು ಬಂದು ಕೇಳಿದರೂ ಒಂದು ಬಾಟಲಿ ಹೆಪ್ಪು ಕೊಟ್ಟು ಕಳಿಸುತ್ತಿದ್ದ. "ಅಂಗಡಿ ಬೀಗದಕೈ ಹಂಚ್ತಿದ್ದೀಯಲ್ಲೋ," ಎಂದು ನಾನು ಬೈಯುತ್ತಿದ್ದೆ. ಬಾಯಲ್ಲಿ ಬೈಗುಳ, ಮನಸ್ಸಿನಲ್ಲಿ ಸಂತೋಷ. ಅಂಗಡಿ ಹೆಚ್ಚಿದಷ್ಟೂ ಮಾಲ್ಟ್ ಖರ್ಚಾಗುವುದು ನನ್ನದೇ.

ಮಾವ ತೀರಿಕೊಂಡ ಮೇಲೆ ಅತ್ತೆ ಮಗಳ ಮನೆಗೆ ಬಂದರು. ಮನೆ ಟ್ಯಾಪ್‌ರೂಮಿನ ಮೇಲ್ಮಹಡಿಯಲ್ಲೇ. ಅತ್ತೆ ಕುಡಿದವರಲ್ಲ, ಕುಡಿಯುವವರನ್ನು ಮೆಚ್ಚಿದವರೂ ಅಲ್ಲ. ಗಂಡನ ಶೆಡ್ಡಿನ ಹೊಸ್ತಿಲು ಒಂದು ದಿನವೂ ದಾಟಿರಲಿಲ್ಲ. ಅವರಿಗೆ ಗೊತ್ತಿದ್ದ ಬ್ರೂವರಿ ಎಂದರೆ ಗಂಡನ ಬಟ್ಟೆ ಒಗೆಯುವ ಬಕೆಟ್ಟು.

ಆ ಸಲ ಹಂಡೆಗಳೆಲ್ಲ ಬೆಸುಗೆಗೆ ಹೋಗಿದ್ದವು. ಇದ್ದ ಬಿಯರ್ ಮುಗಿದಿತ್ತು. ಹೆಪ್ಪೆಲ್ಲ ಒಂದೇ ಕ್ಯಾನಿನಲ್ಲಿ ತಣ್ಣನೆ ಕೋಣೆಯೊಳಗೆ ಮಲಗಿತ್ತು. ಅತ್ತೆ ಸುಮ್ಮನೆ ಕೂರುವ ಜೀವವಲ್ಲ, ಮನೆ ತೊಳೆಯುತ್ತ ಕೆಳಗಿಳಿದರು. ಕ್ಯಾನಿನ ಮುಚ್ಚಳ ತೆಗೆದು, "ಥೂ, ಎಷ್ಟು ದಿನದ ಗಲೀಜು," ಎಂದು ಕುದಿಯುವ ನೀರು ಹುಯ್ದು, ತಿಕ್ಕಿ, ಫಳಫಳ ಹೊಳೆಯುವಂತೆ ಮಾಡಿ ಬಿಸಿಲಿಗೆ ಬೋರಲು ಹಾಕಿದರು. ಅಳಿಯ ಬಂದಾಗ ಹೆಮ್ಮೆಯಿಂದ ತೋರಿಸಿದರು ಕೂಡ.

ನೊರೆಯಣ್ಣ ಒಂದು ಮಾತೂ ಆಡಲಿಲ್ಲ. ಅದೇ ತಪ್ಪಾಯಿತು. ಕೂಗಾಡಿದ್ದರೆ ಅತ್ತೆ ಎರಡು ದಿನ ಮುನಿಸಿಕೊಂಡು ಸುಮ್ಮನಾಗುತ್ತಿದ್ದರು. ಅವನು ಮಾತೇ ಆಡದ್ದರಿಂದ ಅವರು ಊಟ ಬಿಟ್ಟರು.

ಹಂಡೆಗಳು ವಾಪಸು ಬಂದವು. ಒಲೆ ಹತ್ತಲಿಲ್ಲ. ವಾರಗಳು ಕಳೆದವು. ನಾನು ಹೋಗಿ, "ಪಾಕೀಟಿನ ಯೀಸ್ಟ್ ಹಾಕಪ್ಪ, ಎಲ್ಲರೂ ಹಾಕ್ತಾರೆ," ಎಂದೆ.

"ಹಾಕಿದರೆ ಬಿಯರ್ ಆಗತ್ತೆ. ನಮ್ಮದಾಗಲ್ಲ. ಮಾವ ಕೊಟ್ಟಿದ್ದನ್ನ ಕಳಕೊಂಡು ಯಾವುದೋ ಬಿಯರ್ ಮಾರೋದಕ್ಕಿಂತ ಹಂಡೆ ಮಾರಿ ಲಿಫ್ಟ್ ಕೆಲಸಕ್ಕೆ ಹೋಗ್ತೀನಿ."

"ಊರಿಗೆಲ್ಲ ಹಂಚಿದ್ದೀಯಲ್ಲ. ಯಾರ ಹತ್ತಿರನಾದರೂ ಇರತ್ತೆ. ನಡಿ, ಹುಡುಕೋಣ."

ಒಬ್ಬ ಗಿರಾಕಿ ಕೈಬಿಟ್ಟು ಹೋಗುವುದು ನನಗೂ ಬೇಕಿರಲಿಲ್ಲ. ಮಾರನೇ ದಿನ ಬೆಳಿಗ್ಗೆ ವ್ಯಾನು ತಂದು ನಿಲ್ಲಿಸಿದರೆ ಮುಂದಿನ ಸೀಟಿನಲ್ಲಿ ಕೈಚೀಲ ಮಡಿಲಲ್ಲಿಟ್ಟುಕೊಂಡು ಅತ್ತೆ ಹತ್ತಿ ಕೂತರು.

"ನೀವೆಲ್ಲಿಗೆ ಅಮ್ಮಾ?"

"ಕೊಂದವಳು ನಾನು. ಹುಡುಕೋದಕ್ಕೂ ನಾನೇ ಬರ್ತೀನಿ. ಗಾಡಿ ನಿಧಾನಕ್ಕೆ ಓಡಿಸು."

ನಿಧಾನಕ್ಕೇ ಓಡಿಸಿದೆ. ಗಾಡಿ ನನ್ನ ಕೈಯಲ್ಲಿದ್ದುದರಿಂದ ಅವತ್ತು ಲೋಟ ಮುಟ್ಟುವುದಿಲ್ಲ ಎಂದು ಮೊದಲೇ ಹೇಳಿಬಿಟ್ಟಿದ್ದೆ. ಮಂಜು ಇನ್ನೂ ಬೀದಿ ಬಿಟ್ಟು ಎದ್ದಿರಲಿಲ್ಲ. ಹಿಂದಿನ ಚೀಲಗಳಿಂದ ಹುರಿದ ಮಾಲ್ಟಿನ ಸಿಹಿ ಘಮ ಬಂದು ಮೂವರಿಗೂ ತೂಕಡಿಕೆ ಹಿಡಿಸುತ್ತಿತ್ತು. ಮನೆಗಳು, ಮರಗಳು, ಸಿಗ್ನಲ್ ದೀಪಗಳು ಎಲ್ಲವೂ ಗಾಜಿನ ಲೋಟದ ಆಚೆ ಇದ್ದಂತೆ ಕಾಣುತ್ತಿದ್ದವು.

ಮೊದಲು ಹೋದದ್ದು ಟೈರು ಗೋದಾಮಿಗೆ. ಟ್ಯಾಪ್‌ರೂಮನ್ನು ಬೆಳಗಿನ ಹೊತ್ತು ನೋಡಬೇಕು. ಕುರ್ಚಿಗಳು ಮೇಜಿನ ಮೇಲೆ ಕಾಲು ಮೇಲೆ ಮಾಡಿ ಮಲಗಿರುತ್ತವೆ. ಬೆಳಕಿಂಡಿಯಿಂದ ಇಳಿದ ಬಿಸಿಲಿನ ಕಂಬದಲ್ಲಿ ಹಬೆ ಸುಮ್ಮನೆ ಸುತ್ತುತ್ತಿರುತ್ತದೆ. ಯಾರೂ ಜೋರಾಗಿ ಮಾತಾಡುವುದಿಲ್ಲ. ಗೋದಾಮಿನವನು ತಲೆ ಕೆರೆದುಕೊಂಡ. "ಅಣ್ಣಾ, ಸುಳ್ಳು ಯಾಕೆ ಹೇಳಲಿ. ನೀನು ಕೊಟ್ಟಿದ್ದು ಮೊದಲನೇ ಬೇಸಿಗೆಗೇ ಸತ್ತುಹೋಯ್ತು. ಆಮೇಲಿಂದ ಪಾಕೀಟೇ."

"ಮತ್ತೆ ಬೋರ್ಡ್ ಮೇಲೆ 'ಹಳೇ ಹೆಪ್ಪಿನ ಬಿಯರ್' ಅಂತ ಬರೆದಿದ್ದೀಯಲ್ಲ?" ಎಂದೆ ನಾನು.

"ಪಾಕೀಟೂ ಹಳೇದೇ."

ಎರಡನೆಯದು ರೈಲುಹಳಿಯ ಪಕ್ಕದ್ದು, ಅಕ್ಕತಂಗಿಯರು ನಡೆಸುವುದು. ರೈಲು ಹೋದಾಗಲೆಲ್ಲ ಕಪಾಟಿನ ಲೋಟಗಳು ಒಂದಕ್ಕೊಂದು ತಾಗಿ ಸಣ್ಣಗೆ ಮಾತಾಡುತ್ತವೆ. ಅವರು ಹೆಪ್ಪು ಉಳಿಸಿಕೊಂಡಿದ್ದರು. ನೊರೆಯಣ್ಣ ಅದರಿಂದ ಮಾಡಿದ ಬಿಯರ್ ಒಂದು ಗುಟುಕು ಬಾಯಿಗೆ ಹಾಕಿ ಕಣ್ಣು ಮುಚ್ಚಿದ. ತುಂಬ ಹೊತ್ತು ಮುಚ್ಚಿದ್ದ.

"ಇದೇ ಇರಬಹುದು," ಎಂದ. ದನಿಯಲ್ಲಿ ನಂಬಿಕೆ ಇರಲಿಲ್ಲ.

ಅತ್ತೆ ಅವನ ಕೈಯಿಂದ ಲೋಟ ಕಿತ್ತುಕೊಂಡು ಮೂಗಿನ ಹತ್ತಿರ ಹಿಡಿದರು. "ಇದಲ್ಲ. ಇದು ಹುಳಿ."

"ಅತ್ತೆ, ನಿಮಗೆ ಹೇಗೆ..."

"ಹುಳಿ ಅಂದೆನಲ್ಲ."

ಅಕ್ಕ ತಂಗಿಯ ಮುಖ ನೋಡಿದಳು. "ಹೋದ ವರ್ಷ ಸ್ವಲ್ಪ ಹುಳಿ ತಿರುಗಿತ್ತು. ಜನ ಇಷ್ಟಪಟ್ಟರು, ಹಾಗೇ ಬಿಟ್ಟೆವು," ಎಂದಳು ತಂಗಿ, ಮೆಲ್ಲಗೆ.

ಮತ್ತೆ ವ್ಯಾನು ಹತ್ತಿದೆವು. ಒಂದು ತಿರುವಿನಲ್ಲಿ ನೊರೆಯಣ್ಣ ತನ್ನಷ್ಟಕ್ಕೆ ಎಂಬಂತೆ, "ಅದರ ವಾಸನೆ ಹೇಗಿತ್ತು ಅಂತಲೇ ನೆನಪಾಗ್ತಿಲ್ಲ ಕಣೋ," ಎಂದ. ಆಗ ನನಗೂ ಹೆದರಿಕೆಯಾಯಿತು. ಇಷ್ಟು ವರ್ಷ ದಿನವಿಡೀ ಅದರಲ್ಲೇ ಮುಳುಗಿದ್ದವನಿಗೆ ಅದು ವಾಸನೆಯಾಗಿ ಉಳಿದೇ ಇರಲಿಲ್ಲ. ಗಾಳಿಯಾಗಿಬಿಟ್ಟಿತ್ತು.

ಮೂರನೆಯದು ಹಳೇ ಪ್ರೆಸ್ಸು. ಅಚ್ಚಿನ ಮೊಳೆ ಇಡುತ್ತಿದ್ದ ಖಾನೆಗಳಲ್ಲಿ ಈಗ ಲೋಟ. ಮಾಲೀಕ ಸಿಡುಕು ಮುದುಕ, ಬಾಗಿಲಲ್ಲೇ, "ಮಾಲ್ಟ್ ನಾಳೆ ಅಲ್ವಾ?" ಎಂದು ನನ್ನ ಮೇಲೆ ಹಾರಿದ. ವಿಷಯ ಹೇಳಿದೆವು. ಗೊಣಗಿಕೊಂಡೇ ಒಂದು ಲೋಟ ತುಂಬಿ ತಂದ. ಮಧ್ಯಾಹ್ನದ ಬಿಸಿಲು ಲೋಟದೊಳಗೆ ಹೋಗಿ ಜೇನಿನ ಬಣ್ಣಕ್ಕೆ ತಿರುಗಿತು.

ನೊರೆಯಣ್ಣ ಕುಡಿದು ತಲೆಯಾಡಿಸಿದ. "ಅಲ್ಲ. ಇದು ಯಾರದೋ. ಬಾಳೆಹಣ್ಣಿನ ಥರ ಏನೋ ಇದೆ. ನಮ್ಮದರಲ್ಲಿ ಇದು ಇರಲೇ ಇಲ್ಲ."

"ನೀನು ಕೊಟ್ಟಿದ್ದೇ. ಒಂದು ತೊಟ್ಟೂ ಬೇರೆ ಬೆರೆಸಿಲ್ಲ," ಮುದುಕ ಸಿಡುಕಿದ.

"ಎಲ್ಲರೂ ಹಾಗೇ ಹೇಳ್ತಾರೆ."

ಅಷ್ಟರಲ್ಲಿ ಅತ್ತೆ ಲೋಟ ತೆಗೆದುಕೊಂಡಿದ್ದರು. ಮೂಗಿನ ಹತ್ತಿರ ತಂದವರೇ ಮುಖ ಸಿಂಡರಿಸಿ ದೂರ ಹಿಡಿದರು.

"ಇದೇ."

"ಅತ್ತೆ!"

"ಇದೇ ನಾತ. ಕಳಿತ ಬಾಳೆಹಣ್ಣು, ಲವಂಗ, ಒಣಗದ ಬಟ್ಟೆ. ನಿಮ್ಮ ಮಾವನ ಅಂಗಿ. ಎಷ್ಟು ಸೋಪು ಹಾಕಿದರೂ ಕಾಲರಿಂದ ಹೋಗ್ತಿರಲಿಲ್ಲ. ಜನ್ಮವೆಲ್ಲ ಒಗೆದಿದ್ದೀನಿ, ನನಗೆ ಹೇಳ್ಕೊಡಬೇಡ."

ಹಾಗೆ ಹೇಳಿ ಲೋಟ ಕೆಳಗಿಡಬೇಕಿತ್ತು. ಇಡಲಿಲ್ಲ. ಮುಖ ಸಿಂಡರಿಸಿಕೊಂಡೇ ಇನ್ನೊಂದು ಸಲ ಮೂಗಿನ ಹತ್ತಿರ ತಂದರು. ಕಿಟಕಿಯಾಚೆ ಯಾರೋ ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದರು, ಚಕ್ರದ ಸದ್ದು ದೂರವಾಗುವವರೆಗೂ ಅತ್ತೆ ಹಾಗೇ ನಿಂತಿದ್ದರು. ನಾವು ಮೂವರು ಗಂಡಸರು ಅಚ್ಚಿನ ಖಾನೆಗಳನ್ನು ಎಂದೂ ನೋಡದವರಂತೆ ನೋಡಿದೆವು.

ನೊರೆಯಣ್ಣ ನನ್ನನ್ನು ಪಕ್ಕಕ್ಕೆ ಕರೆದ. "ಏನ್ಮಾಡಲಿ? ನನ್ನ ನಾಲಿಗೆ ಅಲ್ಲ ಅಂತಿದೆ."

"ನಿನ್ನ ನಾಲಿಗೆಗೆ ಅದು ಇಷ್ಟ. ಇಷ್ಟಪಟ್ಟವರಿಗೆ ಏನೂ ಸರಿಯಾಗಿ ನೆನಪಿರಲ್ಲ. ನಾನಾಗಿದ್ದರೆ ಬೈಯೋರನ್ನ ನಂಬ್ತೀನಿ. ನನ್ನ ಮಾಲ್ಟ್ ಬಗ್ಗೆ ನಿಜ ತಿಳೀಬೇಕಾದರೆ ಈ ಮುದುಕನ್ನೇ ಕೇಳೋದು."

"ಕೇಳಿಸ್ತು," ಎಂದ ಮುದುಕ ಒಳಗಿಂದ, ಕ್ಯಾನು ತೊಳೆಯುತ್ತ. ನಾವು ಬೇಡುವ ಮೊದಲೇ ಅವನು ಹೆಪ್ಪು ತುಂಬತೊಡಗಿದ್ದ. ಕೊಡುವಾಗ ಮುಖ ಬೇರೆ ಕಡೆ ತಿರುಗಿಸಿಕೊಂಡಿದ್ದ. ಕ್ಯಾನನ್ನು ಮನೆಯವರೆಗೂ ಮಡಿಲಲ್ಲಿ ಹಿಡಿದು ಕೂತವರು ಅತ್ತೆ. ಮುಚ್ಚಳ ಭದ್ರವಿದೆಯೇ ಎಂದು ದಾರಿಯುದ್ದಕ್ಕೂ ನೋಡುತ್ತಿದ್ದರು.

ನೊರೆಯಣ್ಣ ಅದನ್ನೇ ಹಂಡೆಗೆ ಹಾಕಿದ. ಮನಸ್ಸಿಲ್ಲದ ಮನಸ್ಸಿನಿಂದ, ಅತ್ತೆಯ ಮುಖ ನೋಡಿ. ಮೊದಲ ಹಂಡೆ ಇಳಿಯುವ ದಿನ ನಾನೂ ಹೋದೆ. ಬಾಗಿಲು ತೆರೆಯಲು ಇನ್ನೂ ಹೊತ್ತಿತ್ತು. ಅವನು ಲೋಟ ತುಂಬಿಕೊಂಡು, ತಾನು ಎಂದೂ ಕೂರದಿದ್ದ ಗಿರಾಕಿಗಳ ಕುರ್ಚಿಯಲ್ಲಿ, ಕಿಟಕಿಯ ಪಕ್ಕ ಕೂತ. ಮೂಸಿದ. ಒಂದು ಗುಟುಕು ಕುಡಿದ.

"ಅದೇ ಬಾಳೆಹಣ್ಣು," ಎಂದ ಸಪ್ಪಗೆ. "ಪ್ರೆಸ್ಸಿನದೇ ಇದು. ನಮ್ಮದಲ್ಲ."

ಹೆಂಡತಿ ಅವನ ಕೈಯಿಂದ ಲೋಟ ತೆಗೆದು ಕುಡಿದಳು. ಆ ಶೆಡ್ಡಿನ ಪಕ್ಕ ಆಡಿ ಬೆಳೆದವಳು ಅವಳು. ಬಾಯಿ ಒರೆಸಿಕೊಂಡು, "ನಮ್ಮದೇ ಕಣ್ರೀ. ಯಾವಾಗಲೂ ಹೀಗೇ ಇತ್ತು," ಎಂದಳು. ನಾನೂ ಕುಡಿದು ನೋಡಿದೆ. ಅಷ್ಟು ವರ್ಷ ಬಿಟ್ಟಿಯಾಗಿ ಕುಡಿದದ್ದು ಅದೇ. ಹಾಗೆಂದೆ.

ಅವನು ನಮ್ಮಿಬ್ಬರನ್ನೂ ಬದಲಾಯಿಸಿ ಬದಲಾಯಿಸಿ ನೋಡಿದ. "ಹೀಗಿತ್ತಾ?"

"ಹೀಗೇ."

"ಈ ಲವಂಗ? ಇದೂ ಇತ್ತಾ?"

"ಇತ್ತು ರೀ."

ಒಲೆ ಆರಿದ್ದ ಆ ವಾರಗಳಲ್ಲಿ ಅವನ ಮೂಗು ತೊಳೆದುಹೋಗಿತ್ತು. ತನ್ನ ಬಿಯರನ್ನು ಅವನು ಮೊದಲ ಸಲ ಹೊರಗಿನವನ ಹಾಗೆ ಕುಡಿಯುತ್ತಿದ್ದ. ಮತ್ತೆ ಲೋಟ ತೆಗೆದುಕೊಂಡ. ಈ ಸಲ ನಿಧಾನ. ನೊರೆ ಬೆಳಕಿನಲ್ಲಿ ಒಂದೊಂದೇ ಗುಳ್ಳೆ ಒಡೆಯುತ್ತ ಇಳಿಯುತ್ತಿತ್ತು, ಅವನು ಅದು ಇಳಿಯುವುದನ್ನೇ ನೋಡುತ್ತ ಕೂತ. ಹೊರಗೆ ಗಿರಾಕಿಗಳು ಬಾಗಿಲು ತಟ್ಟಿದರು.

"ಹೊತ್ತಾಯ್ತು, ಏಳ್ರೀ," ಎಂದಳು ಹೆಂಡತಿ.

"ಚೆನ್ನಾಗಿದೆ ಕಣೇ," ಎಂದ ಅವನು, ಏಳದೆ. "ಇನ್ನೊಂದು ಕೊಡ್ತೀಯಾ?"