ವಾಸಿಯಾದ ರಂಗಪ್ಪ

ಸರ್ಕಾರಿ ಆಸ್ಪತ್ರೆಯ ಕಿಟಕಿಯ ಹಿಂದೆ ಕೂತವನಿಗೆ ಜನ ಎರಡೇ ಬಗೆ. ಕಾಯಿಲೆಯಿದ್ದೂ ಬರದವರು, ಇಲ್ಲದೆಯೂ ಬರುವವರು. ಹೊಸದುರ್ಗದಿಂದ ಹಾಲುರಾಮೇಶ್ವರಕ್ಕೆ ಹೋಗುವ ದಾರಿಯಲ್ಲಿ ನಮ್ಮದೊಂದು ಪುಟ್ಟ ಆರೋಗ್ಯ ಕೇಂದ್ರ. ಅಲ್ಲಿ ಮಾತ್ರೆ ಕೊಡುವ ಕೆಲಸ ನನ್ನದು. ಕುರಿಗಾರ ರಂಗಪ್ಪ ಎರಡನೆಯ ಬಗೆಯವನೆಂದು ನಾನು ಅವನನ್ನು ಕಂಡ ಹೊಸತರಲ್ಲೇ ತೀರ್ಮಾನಿಸಿಬಿಟ್ಟೆ.

ವಾರ ತಪ್ಪದೆ ಬರುತ್ತಿದ್ದ. ಹೆಗಲ ಮೇಲೆ ಕರಿಕಂಬಳಿ, ಕೈಯಲ್ಲಿ ಕುರಿ ಕಾಯುವ ಕೋಲು. ಕುರಿ ಮಾತ್ರ ಇರಲಿಲ್ಲ. "ಎದೆ ಹಿಡ್ಕಂಡಂಗಾಗ್ತೈತೆ ಸಾರ್" ಎನ್ನುತ್ತಿದ್ದ. ಇಸಿಜಿ ತೆಗೆದರೆ ಸರಿಯಿತ್ತು. ಬಿಪಿ ನನ್ನದಕ್ಕಿಂತ ಚೆನ್ನಾಗಿತ್ತು. ಗ್ಯಾಸಿನ ಮಾತ್ರೆ ಕೊಟ್ಟರೆ ಕಣ್ಣಿಗೊತ್ತಿಕೊಂಡು ಹೋಗಿ, ಮುಂದಿನ ವಾರ ಅದೇ ಎದೆ ಹಿಡಿದುಕೊಂಡು ಬರುತ್ತಿದ್ದ.

ಆಸ್ಪತ್ರೆಯ ಹಿಂದಿನ ಗುಡ್ಡ ದಾಟಿದರೆ ಅವನ ಹಟ್ಟಿ. ನಡೆಯಲು ಕಲಿತಾಗಿನಿಂದ ಕುರಿಯ ಹಿಂದೆ ನಡೆದವನು. ಮಳೆಗಾಲ ಮುಗಿಯುತ್ತಿದ್ದಂತೆ ಮಂದೆ ಹೊಡೆದುಕೊಂಡು ಹೊಳಲ್ಕೆರೆ ದಾಟಿ ಕಾಲುವೆ ಸೀಮೆಯ ಗದ್ದೆಗಳತ್ತ ಹೋಗುತ್ತಿದ್ದ. ಗೊಬ್ಬರದಾಸೆಗೆ ರೈತರು ತಮ್ಮ ಹೊಲಗಳಲ್ಲಿ ಮಂದೆ ನಿಲ್ಲಿಸಿಕೊಳ್ಳುವರು. ಕತ್ತಲಾದರೆ ಕುರಿಗಾರರೆಲ್ಲ ಬೆಂಕಿಯ ಸುತ್ತ ಕೂತು ಮಾತಾಡುವರು. ಹೆಂಡತಿ ನಿಂಗಕ್ಕ ತೀರಿಕೊಂಡ ಮೇಲೂ ಆ ಮಾತಿನ ಬಲದಿಂದಲೇ ಬದುಕಿದ. ಮಂಡಿ ಸವೆದ ಮೇಲೆ ಆಗಲಿಲ್ಲ, ಕುರಿ ಮಾರಿದರು. ಮಗ ದುರುಗೇಶ್ ಗುಡ್ಡದ ಮೇಲಿನ ಗಾಳಿಯಂತ್ರಗಳಿಗೆ ಕಾವಲುಗಾರ, ಸೊಸೆ ಅಂಜಲಿ ಹೊಸದುರ್ಗದ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೆ. ಇಬ್ಬರೂ ಒಳ್ಳೆಯವರು. ಅಂಜಲಿ ಬೆಳಗ್ಗೆಯೇ ಮುದ್ದೆ ಮಾಡಿ ಮುಚ್ಚಿಟ್ಟು ಹೋಗುತ್ತಿದ್ದಳು. ಆದರೆ ಮುದ್ದೆಯ ಜೊತೆ ಮಾತಾಡಲಾಗುತ್ತದೆಯೇ?

ಹೀಗಿರುವಾಗ ಬೃಂದಾ ಬಂದಳು. ಭರಮಸಾಗರದ ಹುಡುಗಿ, ನನ್ನ ಮಗಳ ವಯಸ್ಸಿನವಳು. ಜನರ ಆರೋಗ್ಯದ ಮೇಲೆ ಸಂಶೋಧನೆ ಮಾಡುತ್ತಿದ್ದಳು. ಕೆಲವು ನೋವಿಗೆ ಮಾತ್ರೆಯಲ್ಲ, ಜನ ಬೇಕು. ಹೊರದೇಶಗಳಲ್ಲಿ ಡಾಕ್ಟರುಗಳು ಜನರ ಸಹವಾಸವನ್ನೇ ಚೀಟಿಯಲ್ಲಿ ಬರೆದುಕೊಡುತ್ತಾರೆ. ಅದು ನಮ್ಮಲ್ಲೂ ನಾಟುತ್ತದೆಯೇ ನೋಡೋಣ ಎಂದಳು. ಸರಿಹೋಯಿತು, ಹರಟೆಗೂ ಚೀಟಿ ಬರೆಯುವ ಕಾಲ ಬಂತು ಎಂದು ನಾನು ನಕ್ಕೆ. ಆದರೆ ನಮ್ಮ ಡಾಕ್ಟರ್ ಮೇಘಶ್ರೀ ನಗಲಿಲ್ಲ. ರಂಗಪ್ಪನ ಚೀಟಿಯಲ್ಲಿ ಮಾತ್ರೆಯ ಹೆಸರು ಬರೆಯುವ ಜಾಗದಲ್ಲಿ "ಮಂಗಳವಾರ ಮಧ್ಯಾಹ್ನ, ಹೊಂಗೆ ಮರದ ಕೆಳಗೆ ಎಲ್ಲರ ಜೊತೆ ಕೂರುವುದು" ಎಂದು ಬರೆದು ಸಹಿ ಹಾಕಿದರು.

ಅವನು ಅದನ್ನು ನನ್ನ ಕಿಟಕಿಗೆ ತಂದ. ಓದಿ ಹೇಳಿದೆ.

"ಊಟಕ್ಕೆ ಮುಂಚೇನೋ, ಆದ್ಮ್ಯಾಲೋ ಸಾರ್?"

"ಆದ್ಮೇಲೆ ಬಾರಯ್ಯ" ಎಂದೆ.

"ಪಥ್ಯ ಏನಾರ ಐತಾ?"

"ಜಗಳ ಆಡ್ಬಾರ್ದು, ಅಷ್ಟೇ."

ಪಥ್ಯ ಮೊದಲ ದಿನವೇ ಮುರಿಯಿತು. ಆಸ್ಪತ್ರೆಯ ಅಂಗಳದ ಹೊಂಗೆ ಮರದಡಿ ಅವನ ಎದುರು ಕೂತವನು ಚಿಕ್ಕತಿಮ್ಮಪ್ಪ. ಮಾರಿಕಣಿವೆ ಅಣೆಕಟ್ಟೆಯಲ್ಲಿ ಕಾಲುವೆಗೆ ನೀರು ಬಿಡುವ ಕೆಲಸ ಮಾಡಿ ನಿವೃತ್ತನಾಗಿ ಊರಿಗೆ ಬಂದವನು. ಸಕ್ಕರೆ ಕಾಯಿಲೆಯಿಂದ ಒಂದು ಪಾದದ ಅರ್ಧ ಹೋಗಿತ್ತು, ಬಾಯಿ ಪೂರ್ತಿ ಇತ್ತು. ಎತ್ತು ಏರಿಗೆಳೆದರೆ ಕೋಣ ನೀರಿಗೆ ಎಂಬಂಥ ಜೋಡಿ. ಇಬ್ಬರೂ ನೆಲದ ಮೇಲೆ ಗೆರೆ ಎಳೆದು ಹುಲಿ-ಕುರಿ ಆಟ ಆಡುವರು. ರಂಗಪ್ಪ ಯಾವತ್ತೂ ಕುರಿಯ ಕಡೆ, ಬೇರೆ ಕಾಯಿ ಮುಟ್ಟನು. ಒಂದೊಂದು ಕಲ್ಲು ಹೋದಾಗಲೂ ನಿಜವಾದ ಕುರಿಯೇ ಹೋದಷ್ಟು ಸಂಕಟಪಟ್ಟು ಬೈಯುವನು.

"ಲೇ, ಗಬ್ಬದ ಕುರಿ ಕಣಲೇ ಅದು. ಅದನ್ನೂ ತಿಂದ್ಯಲ್ಲೋ."

"ಹುಲಿಗೆ ಗಬ್ಬ ಗೊತ್ತಾಗ್ತೈತೇನಲೇ?"

ಹುಚ್ಚಕ್ಕನೆಂಬ ಮುದುಕಿ ಅಡಿಕೆ ಜಗಿಯುತ್ತ ಇಬ್ಬರಿಗೂ ಬುದ್ಧಿ ಹೇಳುವಳು. ಅಂಥದೇ ಚೀಟಿ ಪಡೆದ ಇನ್ನೂ ಕೆಲವರಿದ್ದರು. ನಾನು ಕಿಟಕಿಯಿಂದ ನೋಡುತ್ತಿದ್ದೆ. ರಂಗಪ್ಪನ ಬೆನ್ನು ನೆಟ್ಟಗಾಯಿತು. ಎದೆಯ ಮಾತು ಎತ್ತುವುದೇ ಮರೆತ. ಮಂಗಳವಾರ ಬಿಳಿ ಅಂಗಿ ತೊಟ್ಟು ಬರತೊಡಗಿದ. ಒಮ್ಮೆ ನನ್ನ ಬಳಿ ಬಂದು, "ಈ ಮದ್ದು ಭಾಳ ಚೆಂದಾಗೈತೆ ಸಾರ್, ನೀವೂ ತಗಳ್ರಿ" ಎಂದ. ನನ್ನ ಮುಖ ಅಷ್ಟು ಕೆಟ್ಟಿತ್ತೇನೋ. ಇರಲಿ, ಆ ದಿನಗಳಲ್ಲಿ ನನಗೂ ಮಂಗಳವಾರ ಬಂದರೆ ಖುಷಿಯಾಗುತ್ತಿತ್ತು.

ಸಂಶೋಧನೆಯೆಂದರೆ ಕೊನೆಗೆ ಪ್ರಶ್ನೆ ಕೇಳಬೇಕಲ್ಲ. ನಿದ್ದೆ ಬರುತ್ತದೆಯೇ, ಊಟ ಸೇರುತ್ತದೆಯೇ, ಮನಸ್ಸು ಹಗುರವಾಗಿದೆಯೇ ಎಂದು ಬೃಂದಾ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಕೇಳಿದಳು. ರಂಗಪ್ಪನ ಉತ್ತರ ಕೇಳಿ ಅವಳಿಗೆ ಆನಂದವಾಯಿತು. ಅವನ ಕೈ ಹಿಡಿದುಕೊಂಡು ಎಲ್ಲರೆದುರಿಗೇ ಹೇಳಿದಳು: "ರಂಗಪ್ಪಜ್ಜ, ನಿಮಗೀಗ ಪೂರ್ತಿ ವಾಸಿಯಾಗೈತೆ."

ಹೊಗಳಿಕೆಯ ಮಾತು, ಅದರಲ್ಲಿ ತಪ್ಪೇನಿದೆ? ರಂಗಪ್ಪ ಅವಳಿಗೆ ಕೈ ಮುಗಿದ. ಆಟ ಅರ್ಧದಲ್ಲಿತ್ತು, ಪೂರ್ತಿ ಆಡಿ ಸೋತ. ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡು, ಯಾರಿಗೂ ಏನೂ ಹೇಳದೆ ಗೇಟು ದಾಟಿ ನಡೆದ.

ನಮ್ಮ ಕಡೆ ಯಾರ ಮನೆಯಿಂದ ಎದ್ದರೂ "ಹೋಗಿ ಬರ್ತೀನಿ" ಎನ್ನದೆ ಹೊರಡುವವರಿಲ್ಲ. ಎರಡು ಕಡೆ ಮಾತ್ರ ಹಾಗನ್ನಬಾರದು: ಸಾವಿನ ಮನೆ ಮತ್ತು ಆಸ್ಪತ್ರೆ. ವಾಸಿಯಾದವನು ಆಸ್ಪತ್ರೆಯಲ್ಲಿ "ಬರ್ತೀನಿ" ಎಂದರೆ ಕಾಯಿಲೆಯನ್ನೇ ವಾಪಸು ಕರೆದಂತೆ. ಹಾಗಾಗಿ ಅವನ ಮೌನ ಯಾರಿಗೂ ವಿಚಿತ್ರವೆನಿಸಲಿಲ್ಲ. ಶುಭವೆಂದೇ ಅನಿಸಿತು.

ಮುಂದಿನ ಮಂಗಳವಾರ ಅವನು ಬರಲಿಲ್ಲ, ಅದರ ಮುಂದಿನದಕ್ಕೂ ಇಲ್ಲ. ಕೂಟ ನಿಂತಿರಲಿಲ್ಲ, ಡಾಕ್ಟರ್ ಮೇಘಶ್ರೀ ಅದನ್ನು ಬಿಡದೆ ನಡೆಸುತ್ತಿದ್ದರು. ಚಿಕ್ಕತಿಮ್ಮಪ್ಪ ಗೆರೆ ಎಳೆದು, ಕಲ್ಲು ಜೋಡಿಸಿ, ಗುಡ್ಡದ ದಾರಿ ನೋಡುವನು. ಆಮೇಲೆ ಹುಚ್ಚಕ್ಕನ ಜೊತೆ ಆಡುವನು. ಅವಳು ಕಲ್ಲು ಕದಿಯುತ್ತಿದ್ದಳು, ಅವನು ಜಗಳವನ್ನೂ ಆಡುತ್ತಿರಲಿಲ್ಲ.

"ರಂಗಪ್ಪಂಗೊಂದು ಫೋನ್ ಹಚ್ಚಲೇನಯ್ಯ?" ಎಂದು ಕೇಳಿದೆ.

ಅವನು ಗಾಬರಿಯಾದ. "ಬ್ಯಾಡ್ರಿ ಸಾರ್. ವಾಸಿಯಾದೋನ್ನ ಆಸ್ಪತ್ರೆಗೆ ಕರೀಬಾರ್ದು. ಎಲ್ಲೋ ಚೆನ್ನಾಗಿರ್ಲಿ ಬಿಡ್ರಿ."

"ಹಟ್ಟಿಗೇ ಹೋಗಿ ನೋಡ್ಕೊಂಡು ಬಾ ಮತ್ತೆ."

"ಈ ಕಾಲಾಗೆ ಗುಡ್ಡ ಹತ್ತಾಕಾಗ್ತೈತಾ? ಅವನಿಗೀಗ ನಾನ್ಯಾಕೆ ಬೇಕು."

ಹಾಗೆಯೇ ದಸರಾ ಹೋಯಿತು, ದೀಪಾವಳಿ ಹೋಯಿತು.

ಚಳಿಗಾಲ ಮುಗಿಯುವ ಹೊತ್ತಿಗೆ ಬೃಂದಾಳ ಬರಹ ಯಾವುದೋ ದೊಡ್ಡ ಪತ್ರಿಕೆಯಲ್ಲಿ ಅಚ್ಚಾಗಿ ಬಂತು. ಅವಳು ಅದರ ಪ್ರತಿಗಳನ್ನು ಹಿಡಿದುಕೊಂಡು ಹೊಂಗೆ ಮರದಡಿಗೆ ಬಂದು, ಇಂಗ್ಲಿಷಿನಲ್ಲಿದ್ದದ್ದನ್ನು ಕನ್ನಡದಲ್ಲಿ ಹೇಳುತ್ತ ಹೋದಳು. ಯಾರ ಹೆಸರೂ ಅದರಲ್ಲಿರಲಿಲ್ಲ. ಆದರೆ ಒಬ್ಬ ವಯಸ್ಸಾದ ಕುರಿಗಾರನ ಮಾತು ಬಂತು. ಮೊದಲು ವಾರವಾರ ಆಸ್ಪತ್ರೆಗೆ ಬರುತ್ತಿದ್ದ. ಈಗ ಬರುವುದನ್ನೇ ನಿಲ್ಲಿಸಿದ್ದಾನೆ. ಕೂಟದಿಂದಾದ ಒಳಿತಿಗೆ ಅವನೇ ಸಾಕ್ಷಿ ಎಂದಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. "ನಮ್ಮ ರಂಗಪ್ಪ ಕಣ್ರೇ" ಎಂದು ಚಿಕ್ಕತಿಮ್ಮಪ್ಪ ಹೆಮ್ಮೆಯಿಂದ ಸುತ್ತ ನೋಡಿದ.

ರಂಗಪ್ಪನಿಗೂ ಒಂದು ಪ್ರತಿ ಕೊಡಬೇಕೆಂದು ಬೃಂದಾಳ ಆಸೆ. ಅವಳ ಕಾರಿನಲ್ಲಿ ನಾನೂ ಚಿಕ್ಕತಿಮ್ಮಪ್ಪನೂ ಹೊರಟೆವು. ಗುಡ್ಡ ಬಳಸಿ ಹೋಗುವ ರಸ್ತೆಯುದ್ದಕ್ಕೂ ಚಿಕ್ಕತಿಮ್ಮಪ್ಪ ಮಾತಾಡಿದ್ದೇ ಮಾತಾಡಿದ್ದು.

ಬಾಗಿಲು ತೆರೆದ ಅಂಜಲಿ ನಮ್ಮನ್ನು ನೋಡಿ ಅವಸರದಲ್ಲಿ ಚಾಪೆ ಹಾಸಿದಳು. "ಬರ್ರಿ, ಕುಂತ್ಕಳ್ರಿ. ದೀಪಾವಳಿಯಿಂದ ಹಿಂಗೇ ಮಲಗ್ಯಾರೆ. ಊಟ ಸೇರ್ತಿಲ್ಲ. ಈಗ ಕೆಮ್ಮು, ಜ್ವರ ಬ್ಯಾರೆ. ನಿಮ್ಮ ಆಸ್ಪತ್ರೆಗೆ ಹೋಗಾಣ ಬರ್ರಿ ಅಂದ್ರೆ, ನಂಗೇನೂ ಇಲ್ಲ, ವಾಸಿಯಾಗೈತೆ ಅಂತ ಭರಮಸಾಗರದ ಡಾಕ್ಟ್ರವ್ವನೇ ಹೇಳ್ಯಾಳೆ ಅಂತಾರೆ."

ರಂಗಪ್ಪ ಗೋಡೆಯ ಕಡೆ ತಿರುಗಿ ಮಲಗಿದ್ದ. ಕಂಬಳಿಯೊಳಗೆ ಮನುಷ್ಯ ಇದ್ದಾನೆಂದು ಗೊತ್ತಾಗುತ್ತಿರಲಿಲ್ಲ. ಚಿಕ್ಕತಿಮ್ಮಪ್ಪನ ದನಿ ಕೇಳಿ ತಿರುಗಿದ.

"ಬಂದ್ಯೇನಲೇ" ಎಂದ.

"ಯಾಕಲೇ ಬರ್ಲಿಲ್ಲ ನೀನು?"

"ವಾಸಿಯಾದ ಮ್ಯಾಲೂ ಮದ್ದು ತಿಂತಾರೇನಲೇ? ನಾನು ಕುಂತ್ರೆ ಕಾಯಿಲೆ ಇರೋ ಇನ್ನೊಬ್ರಿಗೆ ಜಾಗ ತಪ್ತಿತ್ತು." ಕೆಮ್ಮಿದ. ಅಂಜಲಿ ನೀರು ಕುಡಿಸಿದಳು. "ಬರಾಕೆ ಆಸೆ ಇತ್ತು ಕಣೋ. ಮಂಗ್ಳಾರ ಬಂದ್ರೆ ಗುಡ್ಡದ ತಲೆ ತಂಕ ಬರ್ತಿದ್ದೆ. ನೀವು ಕುಂತಿರೋದು ಅಲ್ಲಿಂದ ಕಾಣ್ತೈತೆ. ಎದೆ ಹಿಡ್ಕಂಡ್ರೆ ಇಳಿದು ಬರಾಣ ಅಂತ ಕಾಯ್ತಿದ್ದೆ. ಹಾಳಾದ್ದು, ಹಿಡೀಲೇ ಇಲ್ಲ."

ಬೃಂದಾ ತಂದಿದ್ದ ಪ್ರತಿಯನ್ನು ಸೆರಗಿನ ಮರೆಗೆ ಸರಿಸಿದಳು. ಆ ಹುಡುಗಿಯ ಮುಖ ನೋಡಲು ನನ್ನಿಂದಾಗಲಿಲ್ಲ.

"ಅಜ್ಜ, ಅದಕ್ಕೆ ಕಾಯಿಲೆ ಇರಬೇಕು ಅಂತೇನಿಲ್ಲ. ಸುಮ್ಮನೆ ಬರಬಹುದಿತ್ತು ನೀವು" ಎಂದಳು.

"ಸುಮ್ಮನೆ ಹೆಂಗವ್ವ? ಆಸ್ಪತ್ರೆ ಅದು." ರಂಗಪ್ಪ ಅವಳ ಕೈ ಹುಡುಕಿದ. "ನಂಗೆ ಇನ್ನೂ ಕಾಯಿಲೆ ಐತೆ ಅಂತ ಬರ್ಕೊಡು ತಾಯಿ. ಬರ್ತೀನಿ."

ಅವಳು ಚೀಟಿ ಬರೆಯುವ ಡಾಕ್ಟರಲ್ಲ. ಆದರೂ ಬರೆದುಕೊಟ್ಟಳು. ಅವನು ಅದನ್ನು ಮಡಿಸಿ ಅಂಗಿಯ ಜೇಬಿಗೆ ಹಾಕಿಸಿಕೊಂಡ. ಚಿಕ್ಕತಿಮ್ಮಪ್ಪ ಸಂಜೆಯವರೆಗೂ ಅವನ ಪಕ್ಕದಲ್ಲಿ ಕೂತು ಊರಿನ ಸುದ್ದಿಯನ್ನೆಲ್ಲ ಹೇಳಿದ. ನಾನು ಫೋನ್ ಮಾಡಿ ಕರೆಸಿದ ಡಾಕ್ಟರ್ ಮೇಘಶ್ರೀ ಅದೇ ಸಂಜೆ ಹಟ್ಟಿಗೆ ಬಂದು ನೋಡಿ, ಶ್ವಾಸಕೋಶ ಕೆಟ್ಟಿದೆ, ಮೈಯಲ್ಲಿ ತಡೆದುಕೊಳ್ಳುವ ಶಕ್ತಿಯೇ ಉಳಿದಿಲ್ಲ ಎಂದರು. ದುರುಗೇಶ್ ಅಪ್ಪನನ್ನು ಆಂಬುಲೆನ್ಸಿನಲ್ಲಿ ಚಿತ್ರದುರ್ಗಕ್ಕೆ ಕರೆದೊಯ್ದ. ಭಾನುವಾರ ಅಲ್ಲಿಯೇ ರಂಗಪ್ಪ ತೀರಿಕೊಂಡ.

ಹಟ್ಟಿಯ ಹಿಂದಿನ ಬಯಲಿನಲ್ಲಿ, ನಿಂಗಕ್ಕನ ಪಕ್ಕದಲ್ಲೇ ಮಣ್ಣು ಮಾಡಿದರು. ನಮ್ಮ ಮಂಗಳವಾರದ ಕೂಟದವರೆಲ್ಲ ಬಂದಿದ್ದರು. ಹುಚ್ಚಕ್ಕ ಬಾಯಿ ಬಿಟ್ಟು ಅತ್ತಳು. ಬೃಂದಾ ದೂರದಲ್ಲಿ, ಜಾಲಿ ಮರದ ಹತ್ತಿರ ಒಬ್ಬಳೇ ನಿಂತಿದ್ದಳು. ಬರೆದದ್ದನ್ನು ವಾಪಸು ತೆಗೆದುಕೊಳ್ಳುತ್ತೇನೆ, ಅದು ಸುಳ್ಳು ಎಂದು ಪತ್ರಿಕೆಯವರಿಗೆ ತಿಳಿಸುತ್ತೇನೆ ಎಂದು ನನ್ನ ಬಳಿ ಹೇಳಿದ್ದಳು. ಚಿಕ್ಕತಿಮ್ಮಪ್ಪನಿಗೆ ಅದು ಹೇಗೋ ಕಿವಿಗೆ ಬಿದ್ದಿತ್ತು. ಮಣ್ಣು ಹಾಕಿದ ಕೈಯಲ್ಲೇ ಕುಂಟುತ್ತ ಅವಳ ಹತ್ತಿರ ಹೋದ.

"ವಾಸಿಯಾಗಿತ್ತು ಅಂತ ಬರ್ದಿರಲ್ಲ, ಅದನ್ನ ತೆಗೀಬ್ಯಾಡ್ರಿ ತಾಯಿ. ಸುಳ್ಳಲ್ಲ ಅದು. ನಮ್ಮ ಜತೆ ಕುಂತಷ್ಟು ದಿನ ಅವನು ಚೆನ್ನಾಗೇ ಇದ್ದ, ನಾನೇ ನೋಡೀನಿ." ಕೈಯ ಮಣ್ಣನ್ನು ಪಂಚೆಗೆ ಒರೆಸಿಕೊಂಡ. "ಅದರ ಕೆಳಗೆ ಇನ್ನೊಂದು ಸಾಲು ಬರೀರಿ. ಆಮ್ಯಾಲೆ ಅವನು ಗುಡ್ಡದ ಮ್ಯಾಲೆ ನಿಂತ್ಕಂಡು ಕಾಯ್ದ, ನಾವು ಯಾರೂ ಕರೀಲಿಲ್ಲ ಅಂತ."